ಎಲೆ ಅಡಿಕೆಯೂ ಮಾತಿನ ಸರದಿಯೂ

ಇಲ್ಲಿ ಬರುವ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಬಣ್ಣ ಹಾಲಿನದೋ ಕೆನೆಯದೋ, ಮಳವಳ್ಳಿಯ ಬೀಗರು ಬಂದದ್ದು ಸೋಮವಾರವೋ ಮಂಗಳವಾರವೋ, ಆ ಹೊತ್ತಿನಲ್ಲಿ ನಾನು ಕಂಬಕ್ಕೆ ಒರಗಿ ನಿಂತಿದ್ದೆನೋ ಕೂತಿದ್ದೆನೋ, ಪ್ರಮಾಣ ಮಾಡಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಮೈಸೂರಿನ ಕಾಲೇಜಿನಲ್ಲಿದ್ದಾಗಿನಿಂದಲೂ ಉಂಟು. ಅದನ್ನು ನೋಡಿದರೆ ಎಲ್ಲ ತಿಳಿಯುತ್ತದಲ್ಲ ಎಂದು ನೀವು ಕೇಳಬಹುದು. ನೋಡಿದೆ. ಎಲ್ಲ ಶುರುವಾದ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಚಿಕ್ಕಪ್ಪ ಬಂದರು. ಹಲ್ಲುನೋವು.’ ಹಲ್ಲುನೋವು ಯಾರಿಗೆ ಎಂದು ಕೂಡ ಬರೆದಿಲ್ಲ. ನಮ್ಮ ಮನೆಯ ಬದುಕನ್ನೇ ಅಲುಗಾಡಿಸಿದ ಒಂದು ದಿನ ಹೀಗೆ ಒಂದು ಅನಾಥ ಹಲ್ಲಿನ ಪಕ್ಕದಲ್ಲಿ ಕೂತಿದೆ. ಇನ್ನು ನನ್ನ ನೆನಪನ್ನು ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಬಹಳ ಸಣ್ಣದು. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡಿರುವ ಮನುಷ್ಯನನ್ನು ನೀವು ಎಂದಾದರೂ ದಾರಿ ಕೇಳಿದ್ದೀರಾ? ಆತ ಮೊದಲು ಗಲ್ಲವನ್ನು ಆಕಾಶಕ್ಕೆ ಎತ್ತುತ್ತಾನೆ. ಕೆಳದುಟಿಯನ್ನು ಒಂದು ಸಣ್ಣ ಕಟ್ಟೆಯ ಹಾಗೆ ಮುಂದೆ ಚಾಚಿ ಒಳಗಿನ ಕೆರೆ ತುಳುಕದಂತೆ ಕಾಯುತ್ತಾನೆ. ಆಮೇಲೆ ಗಂಟಲಿನ ಯಾವುದೋ ಮೂಲೆಯಿಂದ ಸ್ವರಗಳನ್ನು ಮಾತ್ರ ಹೊರಡಿಸುತ್ತಾನೆ. ವ್ಯಂಜನಗಳೆಲ್ಲ ಕೆರೆಯಲ್ಲಿ ಮುಳುಗಿರುತ್ತವೆ. ಕೊನೆಗೆ ಕೈ ಎತ್ತಿ ಒಂದು ದಿಕ್ಕು ತೋರಿಸುತ್ತಾನೆ. ಆ ದಿಕ್ಕು ನೀವು ಕೇಳಿದ ಊರಿನದೋ, ಅವನು ಉಗಿಯಬೇಕೆಂದಿರುವ ಜಾಗದ್ದೋ, ಹೇಳಲಾಗದು. ಆದರೆ ಒಂದಂತೂ ಖಂಡಿತ. ಅಷ್ಟು ಹೊತ್ತೂ ಆತ ನೀವು ಹೇಳುವುದನ್ನು ಪೂರ್ತಿ ಕೇಳಿರುತ್ತಾನೆ. ಕೇಳದೆ ಬೇರೆ ದಾರಿ ಅವನಿಗೆ ಇರುವುದಿಲ್ಲ.

ಈ ಸತ್ಯವನ್ನು ನಮ್ಮ ಅಜ್ಜಿ ಬಲು ಹಿಂದೆಯೇ ಕಂಡುಕೊಂಡು ಅದರಿಂದ ಒಂದು ನ್ಯಾಯಪದ್ಧತಿಯನ್ನೇ ಕಟ್ಟಿದ್ದಳು. ನಮ್ಮೂರು ಕೊಪ್ಪದ ಹತ್ತಿರ, ಮದ್ದೂರು ತಾಲ್ಲೂಕಿಗೆ ಸೇರಿದ್ದು. ತಾತ ಊರಿನ ಪಟೇಲರಾಗಿದ್ದವರು. ಅವರು ತೀರಿಕೊಂಡ ಮೇಲೂ ಬದುವಿನ ಜಗಳ, ನೀರಿನ ಜಗಳ, ಅತ್ತೆ ಸೊಸೆಯರ ಜಗಳ ಹೊತ್ತವರು ಹಳೆಯ ರೂಢಿಯಂತೆ ನಮ್ಮ ಜಗಲಿಗೇ ಬರುತ್ತಿದ್ದರು. ಪಟೇಲಿಕೆ ದೊಡ್ಡ ಮಗನಾದ ನಮ್ಮಪ್ಪನಿಗೆ ಬಂದಿತ್ತು. ಜಗಳಗಳು ಮಾತ್ರ ಅಜ್ಜಿಗೆ ಉಳಿದವು. ಅಜ್ಜಿಯ ಕ್ರಮ ಹೀಗೆ: ಇಬ್ಬರನ್ನೂ ಎದುರುಬದುರು ಕೂರಿಸುವುದು, ನಡುವೆ ಎಲೆ ಅಡಿಕೆಯ ತಟ್ಟೆ ಇಡುವುದು, ಹೆಚ್ಚು ಕೂಗಾಡುವವನು ಯಾರೆಂದು ನೋಡಿಕೊಂಡು ಮೊದಲು ಅವನ ಕೈಗೆ ಎಲೆ ಅಡಿಕೆಯ ಒಂದು ದಪ್ಪನೆಯ ಪಟ್ಟಿ ಮಡಚಿ ಕೊಡುವುದು. ಅದು ಅವನ ಬಾಯಲ್ಲಿ ಇರುವಷ್ಟು ಹೊತ್ತು ಇನ್ನೊಬ್ಬ ಮಾತಾಡಬೇಕು. ಎಲೆ ಮುಗಿದು, ಅಂಗಳದ ಅಂಚಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದರೆ ಸರದಿ ತಿರುಗಿತು; ಈಗ ಇವನಿಗೆ ಮಾತು, ಅವನಿಗೆ ಎಲೆ. ನಡುವೆ ಉಗಿದು ಬಾಯಿ ಹಾಕಿದವನ ಕಡೆ ಅಜ್ಜಿ ತಿರುಗಿಯೂ ನೋಡುತ್ತಿರಲಿಲ್ಲ. ಎಲ್ಲ ಕೇಳಿ ಆದ ಮೇಲೆ ತನ್ನ ತೀರ್ಮಾನ ಹೇಳಿ, ತಾನೇ ಒಂದು ಎಲೆ ಹಾಕಿಕೊಳ್ಳುವಳು. ಅಲ್ಲಿಗೆ ಮೇಲ್ಮನವಿ ಇಲ್ಲವೆಂದು ಅರ್ಥ.

ಚಿಕ್ಕ ಹುಡುಗಿಯಾಗಿದ್ದ ನನಗೆ ಈ ನ್ಯಾಯಾಲಯದಲ್ಲಿ ಪ್ರವೇಶವಿತ್ತು, ಎಲೆ ಇರಲಿಲ್ಲ. ಓದುವ ಮಕ್ಕಳು ಎಲೆ ಹಾಕಿದರೆ ನಾಲಿಗೆ ದಪ್ಪವಾಗಿ ಮಗ್ಗಿ ಹೊರಳುವುದಿಲ್ಲ ಎಂದು ಎಲ್ಲರ ಮನೆಯಲ್ಲೂ ಹೆದರಿಸುವ ಹಾಗೆ ನನ್ನನ್ನೂ ಹೆದರಿಸಿದ್ದರು. ಎಲೆ ಹಾಕದೆಯೂ ನನಗೆ ಹದಿನೇಳರ ಮಗ್ಗಿ ಹೊರಳಲಿಲ್ಲ, ಆ ಮಾತು ಬೇರೆ.

ಈ ಜಗಲಿಯಲ್ಲಿ ಬೆಳೆದ ಇನ್ನೊಬ್ಬರು ಶಿವರಾಮು ಚಿಕ್ಕಪ್ಪ. ಅಪ್ಪನ ಕೊನೆಯ ತಮ್ಮ. ಅಜ್ಜಿಗೆ ತಡವಾಗಿ ಹುಟ್ಟಿದ ಮಗನಾದ್ದರಿಂದ ನನಗಿಂತ ಕೆಲವೇ ವರ್ಷಕ್ಕೆ ದೊಡ್ಡವರು. ಮಾತಿನ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ಮದ್ದೂರಿನ ಪಕ್ಕದ ಶಿವಪುರದಲ್ಲಿ ಸ್ವಾತಂತ್ರ್ಯ ಚಳವಳಿಯವರು ಬಾವುಟ ಹಾರಿಸಿದ ವರ್ಷ ಅವರು ಮದ್ದೂರಿನಲ್ಲಿ ಹೈಸ್ಕೂಲು ಓದುತ್ತಿದ್ದರು. ಬಾವುಟವನ್ನೂ ಏರಿಸಬಾರದು, ಭಾಷಣವನ್ನೂ ಮಾಡಬಾರದು ಎಂದು ಸರ್ಕಾರದ ಆಜ್ಞೆಯಿತ್ತಂತೆ. ಒಬ್ಬರು ಎದ್ದು ಬಾಯಿ ತೆರೆಯುವುದು, ಪೊಲೀಸರು ಅವರನ್ನು ಕರೆದುಕೊಂಡು ಹೋಗುವುದು, ಅವರ ಜಾಗದಲ್ಲಿ ಇನ್ನೊಬ್ಬರು ಎದ್ದು ನಿಲ್ಲುವುದು. ನನಗೂ ಆ ಧೂಳು, ಆ ಜನ, ಯಾರದೋ ಮುರಿದ ಛತ್ರಿ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿಯೇ ಇರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಹಾಗಾದರೆ ಆ ಛತ್ರಿ ಚಿಕ್ಕಪ್ಪನ ಮಾತಿನಿಂದ ನನ್ನ ಕಣ್ಣಿಗೆ ಬಂದಿರಬೇಕು. ಅವರು ಮನೆಗೆ ಬಂದು ಅಜ್ಜಿಯ ಮುಂದೆ ಕೂತು ಹೇಳಿದ್ದು ಮಾತ್ರ ನಾನೇ ಕೇಳಿದ್ದು.

“ಅವ್ವ, ಅಲ್ಲಿ ಎಲೆ ಕೊಡ್ಲಿಲ್ಲ ಕಣವ್ವ. ಎತ್ಕಂಡೇ ಓಗ್ಬುಟ್ರು.”

ಲಾಯರಾಗುತ್ತೇನೆ ಎಂದು ಅವರು ಅಂದೇ ತೀರ್ಮಾನಿಸಿದರಂತೆ. ಆಗ ನಮ್ಮ ಸಂಸ್ಥಾನದಲ್ಲಿ ಲಾ ಓದುವ ಅನುಕೂಲ ಇರಲಿಲ್ಲ. ರೈಲು ಹತ್ತಿ ಬೇರೆ ಪ್ರಾಂತಕ್ಕೆ ಹೋಗಬೇಕಿತ್ತು. ಬಿ.ಎ. ಮುಗಿಸಿ ಚಿಕ್ಕಪ್ಪ ಹೋದರು. ಯಾವ ಊರು, ಯಾವ ಕಾಲೇಜು ಎಂದು ಹೇಳುವುದಿಲ್ಲ. ಅಲ್ಲಿಯವರಿಗೆ ಈ ಕತೆ ಇನ್ನೊಂದು ರೀತಿಯಲ್ಲಿ ನೆನಪಿರಬಹುದು, ಅದೇ ಸರಿಯೂ ಇರಬಹುದು. ಕೊನೆಯ ವರ್ಷದಲ್ಲಿ ಅವರು ಅಲ್ಲಿನ ಚರ್ಚಾಸಂಘದ ಕಾರ್ಯದರ್ಶಿಯಾದರು. ನಾಳೆ ಕೋರ್ಟಿನಲ್ಲಿ ಎದುರಾಳಿಯ ವಾದವನ್ನು ತಾಳ್ಮೆಯಿಂದ ಕೇಳಬೇಕಾದ ಆ ಭಾವೀ ವಕೀಲರಿಗೆ ಒಂದು ಸಂಪ್ರದಾಯವಿತ್ತು. ತಮಗೆ ಒಪ್ಪದವನು ಮಾತಾಡಲು ನಿಂತರೆ ಎಲ್ಲರೂ ಒಟ್ಟಿಗೆ ಬೂಟುಕಾಲನ್ನು ನೆಲಕ್ಕೆ ಉಜ್ಜುವುದು. ಯಾರೂ ಬಾಯಿ ಬಿಡುವುದಿಲ್ಲ, ಮುಖದಲ್ಲಿ ಪರಮ ವಿನಯ. ಕೆಳಗೆ ಮಾತ್ರ ಗಿರಣಿ ಓಡುತ್ತಿರುತ್ತದೆ. ಯಾರ ಕಾಲು ಎಂದು ಹಿಡಿಯಲಾಗದು. ಸಭ್ಯತೆ ಸೊಂಟದ ಮೇಲೆ, ಉಳಿದದ್ದು ಬೆಂಚಿನ ಕೆಳಗೆ.

ಅಂಥ ಸಭೆಗೆ ಚಿಕ್ಕಪ್ಪ ರಾವ್ ಬಹದ್ದೂರ್ ಬಿರುದಿನ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಕರೆದರು. ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷವೋ ಒಂದೂವರೆ ವರ್ಷವೋ ಇದ್ದ ಕಾಲ. ಇಂಗ್ಲಿಷರು ಇನ್ನೂ ಹತ್ತು ವರ್ಷ ಇದ್ದು ಹೋಗುವುದು ಒಳ್ಳೆಯದು ಎಂದು ಬಹಿರಂಗವಾಗಿ ಹೇಳುವ ಧೈರ್ಯ ಆ ಊರಿನಲ್ಲಿ ಅವರೊಬ್ಬರಿಗೇ ಇತ್ತು. ಖಾದಿ ಬಿಟ್ಟು ಬೇರೆ ಉಡದ ಚಿಕ್ಕಪ್ಪನಿಗೆ ಅವರ ಒಂದು ಮಾತೂ ಒಪ್ಪಿಗೆಯಿರಲಿಲ್ಲ. ಒಪ್ಪಿಗೆಯಿಲ್ಲದ್ದರಿಂದಲೇ ಕರೆದದ್ದು. ಬೂಟುಗಳು ಸಿದ್ಧವಾಗುತ್ತಿವೆ ಎಂದು ತಿಳಿದಾಗ ಅವರಿಗೆ ನಮ್ಮ ಜಗಲಿ ನೆನಪಾಯಿತು.

ಸಭೆಯ ದಿನ ಅವರು ಮುಂದಿನ ಎರಡು ಸಾಲಿನ ಗಟ್ಟಿಗರ ಮುಂದೆ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತು, ನಮ್ಮ ಸೀಮೆಯ ಕ್ರಮವನ್ನು ಇಂಗ್ಲಿಷಿನಲ್ಲಿ ವಿವರಿಸಿದರು: ಎಲೆ ಹಾಕಿರುವಷ್ಟು ಹೊತ್ತು ಬಾಯಿಯೂ ಇಲ್ಲ, ಬೂಟೂ ಇಲ್ಲ, ಅದು ಮುಗಿದ ಮೇಲೆ ಮಾತು ನಿಮ್ಮದು. ಹುಡುಗರಿಗೆ ಇದು ಹೊಸ ಆಟವಾಗಿ ಕಂಡಿತು. ಎಲ್ಲರೂ ಹಾಕಿಕೊಂಡರು. ಅತಿಥಿಗಳು ಎದ್ದರು. ಹಿಂದಿನ ಸಾಲಿನವರು ಮುಂದಿನವರನ್ನು ನೋಡಿ ಕಾಲೆತ್ತಿಕೊಂಡು ಕೂತರು. ಆ ಸಭಾಂಗಣದಲ್ಲಿ ಅಂಥ ನಿಶ್ಶಬ್ದ ಹಿಂದೆಂದೂ ಆಗಿರಲಿಲ್ಲವಂತೆ. ಚಿಕ್ಕಪ್ಪ ಪರಮಾನಂದದಲ್ಲಿ ಕಣ್ಣು ಮುಚ್ಚಿಕೊಂಡರಂತೆ.

ಕಣ್ಣು ಮುಚ್ಚಬಾರದಿತ್ತು. ಅಜ್ಜಿಯ ನ್ಯಾಯಾಲಯಕ್ಕೆ ಅಂಗಳವಿತ್ತು, ಇವರ ಸಭೆ ಮಹಡಿಯ ಮೇಲಿತ್ತು. ಎಲೆ ಮುಗಿಯಿತು, ಅತಿಥಿಗಳ ಮಾತು ಮುಗಿಯಲಿಲ್ಲ. ಇಷ್ಟು ಒಳ್ಳೆಯ ಶ್ರೋತೃಗಳು ಸಿಕ್ಕಿದ್ದು ಅವರಿಗೂ ಅದೇ ಮೊದಲಿರಬೇಕು, ಬಹಳ ಉತ್ಸಾಹದಿಂದ ಮುಂದುವರಿಸಿದರು. ಅಭ್ಯಾಸವಿಲ್ಲದ ಹುಡುಗರು, ಎಲೆಯ ಜೊತೆ ಒಂದಿಷ್ಟು ಹೊಗೆಸೊಪ್ಪಿನ ಕಡ್ಡಿಪುಡಿಯೂ ಬಿದ್ದಿತ್ತು. ಕೆಲವರಿಗೆ ತಲೆ ಸುತ್ತಿತು, ಕೆಲವರಿಗೆ ಬಿಕ್ಕಳಿಕೆ. ನುಂಗುವಂತಿಲ್ಲ, ನೆಲಕ್ಕೆ ಉಗಿಯುವಂತಿಲ್ಲ. ಕೊನೆಗೆ ವಂದನಾರ್ಪಣೆಯೂ ಮುಗಿದು ಅತಿಥಿಗಳು ಪ್ರಿನ್ಸಿಪಾಲರೊಡನೆ ಮೆಟ್ಟಿಲಿಳಿಯುತ್ತಿದ್ದಾಗ, ಎರಡು ಸಾಲಿನವರೂ ಎದ್ದು ಕಿಟಕಿಗೆ ಓಡಿದರು. ಕಿಟಕಿಯ ಕೆಳಗೆ ರಾವ್ ಬಹದ್ದೂರರ ಕಾರು ನಿಂತಿತ್ತು. ಹಾಲಿನ ಬಣ್ಣದ್ದು. ಅಥವಾ ಕೆನೆಯ ಬಣ್ಣದ್ದು. ಆಮೇಲೆ ಎರಡೂ ಅಲ್ಲ.

ಆ ಸಂಜೆ ಹುಡುಗರು ಚಿಕ್ಕಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಎಂಥ ಉಪಾಯ, ಎಂಥ ಅವಮಾನ, ದೇಶದ್ರೋಹಿಯನ್ನು ಕರೆಸಿ ತಕ್ಕ ಶಾಸ್ತಿ ಮಾಡಿದ ಧೀರ ಎಂದು ಜೈಕಾರ ಹಾಕಿದರು. ಪ್ರಿನ್ಸಿಪಾಲರೂ ಅದನ್ನೇ ನಂಬಿದರು. ಜೈಕಾರ ಮಾತ್ರ ಹಾಕಲಿಲ್ಲ. ಅದೇ ಸಭಾಂಗಣದಲ್ಲಿ ಎಲ್ಲರೆದುರು ನಿಂತು ‘ಅತಿಥಿಯನ್ನು ಅವಮಾನಿಸಲೆಂದೇ ನಾನು ಇದನ್ನು ಹೂಡಿದೆ, ಕ್ಷಮಿಸಬೇಕು’ ಎಂದು ಹೇಳಬೇಕು; ಹೇಳುವವರೆಗೆ ಕಾಲೇಜಿಗೆ ಬರಕೂಡದು, ಪರೀಕ್ಷೆಗೂ ಕೂರಕೂಡದು ಎಂದರು. ಚಿಕ್ಕಪ್ಪ ಟ್ರಂಕು ಹಿಡಿದುಕೊಂಡು ಮದ್ದೂರಿನಲ್ಲಿ ರೈಲಿಳಿದರು. ನಾನು ಸಂಕ್ರಾಂತಿಯ ರಜಕ್ಕೆ ಊರಿನಲ್ಲಿದ್ದೆ. ‘ಚಿಕ್ಕಪ್ಪ ಬಂದರು. ಹಲ್ಲುನೋವು.’

ಸುದ್ದಿ ಅವರಿಗಿಂತ ಮೊದಲೇ ಮಂಡ್ಯ ತಲುಪಿತ್ತು. ಅಲ್ಲಿನ ಉತ್ಸಾಹಿ ತರುಣರು ಸನ್ಮಾನವಿಟ್ಟರು. ಅಪ್ಪ ಸಿಟ್ಟಿನಲ್ಲಿ ಬರಲಿಲ್ಲ. ಅಜ್ಜಿಯ ಅಪ್ಪಣೆ ಪಡೆದು ನಾನು ಹೋದೆ. ರೈಲು ನಿಲ್ದಾಣದ ಹತ್ತಿರದ ಒಂದು ಓದುವ ಕೋಣೆ. ಕಬ್ಬಿನ ಹಾಲು ಬೇಯುವ ವಾಸನೆ ಸಕ್ಕರೆ ಕಾರ್ಖಾನೆಯ ಕಡೆಯಿಂದ ತೇಲಿ ಬಂದು ಎಲ್ಲರ ಭಾಷಣವನ್ನೂ ಸ್ವಲ್ಪ ಸಿಹಿ ಮಾಡುತ್ತಿತ್ತು. ಹೆಂಗಸರೆಂದರೆ ನಾನೂ ಒಬ್ಬ ಉಪಾಧ್ಯಾಯಿನಿಯೂ ಇದ್ದೆವು. ಚಿಕ್ಕಪ್ಪನ ಕೊರಳಿಗೆ ಸೇವಂತಿಗೆಯ ಭಾರಿ ಹಾರ ಬಿತ್ತು. ಅವರು ಎದ್ದು ನಿಂತು, ಸಭಾಕಂಪದಿಂದ ಹಾರದ ಒಂದು ಹೂವನ್ನು ಕೀಳುತ್ತ ಹೇಳಿದರು:

“ನಾನು ಯಾರಿಗೂ ಉಗಿಯೋಕೆ ಹೇಳಲಿಲ್ಲ. ಅವರು ಮಾತಾಡಲಿ, ನಾವು ಕೇಳೋಣ ಅಂತ ಕರೆದೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಿಂದಿನಿಂದ ಒಬ್ಬ ಕೇಳಿದ.

“ಅಂಗಂದ್ರೆ ನೀ ಯಾರ್ ಕಡೆಯೋನ್ಲಾ?”

“ನಾನು ನಿಮ್ಮ ಕಡೆಯೋನೇ. ಆದ್ರೆ…”

“ಆದ್ರೆ ಗೀದ್ರೆ ಬ್ಯಾಡ. ಕುಂತ್ಕಳ್ಲಾ.”

“ಲೇ, ಲಾಯ್ರಪ್ಪ, ಅವ್ರ ಕಾರ್ ತೊಳ್ದ್ಬುಟ್ಟು ಬಾ ಓಗ್ಲಾ.”

ನಗು ಎದ್ದಿತು. ಆಮೇಲೆ ಬೆಂಚು ಬಡಿಯುವ ಸದ್ದು. ಚಿಕ್ಕಪ್ಪನ ತುಟಿ ಆಡುತ್ತಿದ್ದುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವರ ಕೈ ಎಲೆಯ ತಟ್ಟೆಯನ್ನು ಹುಡುಕುವ ಹಾಗೆ ಮೇಜಿನ ಮೇಲೆ ಆಡಿತೆಂದು ನನಗೆ ನೆನಪು. ಇದು ನಾನೇ ಆಮೇಲೆ ಸೇರಿಸಿದ್ದೂ ಇರಬಹುದು. ಹಾರದ್ದೊಂದು ಇಕ್ಕಟ್ಟು. ವಾಪಸ್ಸು ಕೇಳಲು ಸಭೆಯವರಿಗೆ ಸಂಕೋಚ, ಹಾಕಿಕೊಂಡಿರಲು ಚಿಕ್ಕಪ್ಪನಿಗೆ ಸಂಕೋಚ. ರೈಲಿನಲ್ಲಿ ಮದ್ದೂರಿನವರೆಗೂ ಅದು ನಮ್ಮಿಬ್ಬರ ನಡುವೆ ಮೂರನೆಯ ಪ್ರಯಾಣಿಕನ ಹಾಗೆ ಕೂತಿತ್ತು. ಎದುರಿಗಿದ್ದ ಒಬ್ಬಾಕೆ “ಮದ್ವೆ ಯಾವಾಗಾಯ್ತಪ್ಪಾ?” ಎಂದು ಬೇರೆ ಕೇಳಿದಳು.

ಮದುವೆಯ ಮಾತು ಬಂದದ್ದೂ ಸಮಯಕ್ಕೆ ಸರಿಯಾಗಿಯೇ. ಚಿಕ್ಕಪ್ಪನಿಗೆ ಮಳವಳ್ಳಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ತಂದೆ ಅಲ್ಲಿಗೆ ಹತ್ತಿರದ ಬ್ಲಫ್ ಎಂಬ ಜಾಗದಲ್ಲಿ ವಿದ್ಯುತ್ ಕೇಂದ್ರದ ಕೆಲಸದಲ್ಲಿದ್ದವರು. ನಾವು ಬ್ಲಫ್ ಬೀಗರು ಎನ್ನುತ್ತಿದ್ದೆವು. ವರ್ಷಗಟ್ಟಲೆ ಯಂತ್ರಗಳ ಪಕ್ಕದಲ್ಲಿ ದುಡಿದದ್ದರಿಂದ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ‘ನೀರು ಕೊಡಿ’ ಎಂದರೂ ಪಕ್ಕದ ಬೀದಿಯವರು ಚೊಂಬು ತರಬೇಕು, ಅಂಥ ದನಿ. ಮಂಡ್ಯದ ಸಭೆಯ ಮಾರನೆಯ ದಿನವೋ ಅದರ ಮಾರನೆಯ ದಿನವೋ ಅವರು ನಮ್ಮ ಜಗಲಿಗೆ ಬಂದು ಕೂತರು. ಲಾಯರಿಗೆ ಎಂದು ಹೆಣ್ಣು ಕೊಡಲು ಒಪ್ಪಿದ್ದೇನೆ, ಲಾ ಅರ್ಧಕ್ಕೆ ಬಿಟ್ಟವನಿಗೆ ಅಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದರು. ಅಪ್ಪನದೂ ಅದೇ ಪಕ್ಷ: ಹೋಗಲಿ, ಪ್ರಿನ್ಸಿಪಾಲರು ಹೇಳಿದ ಹಾಗೆ ಹೇಳಿ ಮುಗಿಸಲಿ. ಚಿಕ್ಕಪ್ಪ ಮಾತ್ರ ಕಂಬ ನೋಡುತ್ತ ಕೂತಿದ್ದರು. ಹೇಳಿದರೆ ಪರೀಕ್ಷೆಯೂ ಉಂಟು, ಹೆಣ್ಣೂ ಉಂಟು. ಆದರೆ ಕೇಳಲೆಂದು ಕರೆದವನು ಅವಮಾನಿಸಲೆಂದು ಕರೆದೆ ಎಂದು ತನ್ನ ಬಾಯಿಂದಲೇ ಸಾರಿದಂತೆ. ಹೇಳದಿದ್ದರೆ ಎರಡೂ ಇಲ್ಲ.

ಅಜ್ಜಿ ಒಳಗಿನಿಂದ ತಟ್ಟೆ ತಂದಿಟ್ಟಳು. ತನ್ನ ಮಕ್ಕಳ ನಡುವೆ ಆ ತಟ್ಟೆ ಇಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೊದಲ ಎಲೆ ಬೀಗರಿಗೆ ಹೋಯಿತು.

“ತಕಳಿ ಬೀಗ್ರೆ. ವಸಿ ನಿಮ್ ಕರೆಂಟು ನಿಲ್ಲಿಸ್ಕಳಿ, ಉಡ್ಗ ಮಾತಾಡ್ಲಿ.”

ಎರಡನೆಯದು ಅಪ್ಪನಿಗೆ. ಜಗಲಿ ತಣ್ಣಗಾಯಿತು. ಚಿಕ್ಕಪ್ಪ ನಡೆದದ್ದನ್ನೆಲ್ಲ ಹೇಳಿದರು. ಮೊದಲ ಬಾರಿಗೆ ಯಾರೂ ಬೆಂಚು ಬಡಿಯಲಿಲ್ಲ. ಬೀಗರು ಗಲ್ಲವೆತ್ತಿ ಕೇಳುತ್ತಿದ್ದರು. ಕಾರಿನ ಭಾಗ ಬಂದಾಗ ಅವರ ಹೊಟ್ಟೆ ಕುಲುಕಿತು, ಕೆರೆ ತುಳುಕೀತೆಂದು ನನಗೆ ಭಯವಾಯಿತು. ಎಲೆ ಮುಗಿಯಿತು, ಉಗಿದು ಬಂದರು, ಸರದಿ ತಿರುಗಿತು. ಈಗ ಚಿಕ್ಕಪ್ಪನ ಬಾಯಿಗೆ ಎಲೆ. ಅಪ್ಪ ಶುರು ಮಾಡಿದ.

“ನೋಡು ಸಿವರಾಮು, ಅವ್ರು ಏನ್ ಕೇಳ್ತಾವ್ರೆ? ಒಂದ್ ಮಾತು. ಅಂದ್ಬುಟ್ರೆ ಏನ್ ನಾಲ್ಗೆ ಬಿದ್ದೋಯ್ತದಾ? ಸುಳ್ಳೇಳೋಕೆ ಕಲೀದೋನು ಲಾಯರ್ ಕೆಲ್ಸಕ್ಕಾದ್ರೂ ಯಾಕ್ಲಾ ಓಯ್ತೀಯ?”

ಬೀಗರು ನಕ್ಕರು. ಅಜ್ಜಿಯೂ ಮುಖ ಆ ಕಡೆ ಮಾಡಿಕೊಂಡಳು. ಚಿಕ್ಕಪ್ಪ ಅಗಿಯುತ್ತಿದ್ದರು. ನನ್ನ ಬಾಯಿ ಖಾಲಿ. ಎಲೆ ಸಿಗದವಳಿಗೆ ಸರದಿಯೂ ಇಲ್ಲ, ತಡೆಯೂ ಇಲ್ಲ. ಧೈರ್ಯದಿಂದೇನೂ ಅಲ್ಲ, ಬರಿಯ ಕುತೂಹಲದಿಂದ ಕೇಳಿದೆ.

“ಚಿಕ್ಕಪ್ಪ, ಎಲೆ ಮುಗಿದ ಮೇಲೆ ಆ ಹುಡುಗರಿಗೆ ಮಾತಾಡೋಕೆ ಬಿಟ್ರಾ?”

ಅವರ ದವಡೆ ನಿಂತಿತು. ಉತ್ತರ ಹೇಳುವಂತಿಲ್ಲ, ಎಲೆ ಇತ್ತು. ಆದರೆ ಕಣ್ಣು ನೆಲಕ್ಕೆ ಹೋಯಿತು. ಅಜ್ಜಿ ಅದನ್ನು ನೋಡಿದಳು.

“ಬುಡ್ಲಿಲ್ವಾ? ಉಗಿಯೋಕೂ ಜಾಗ ಇಲ್ಲ, ಮಾತಾಡೋಕೂ ಬುಡ್ಲಿಲ್ಲ. ಅಂಗಾದ್ರೆ ಎಲೆ ಯಾಕ್ಲಾ ಕೊಟ್ಟೆ? ದೊಡ್ಡೋರು ಮಾತಾಡ್ತಾವ್ರೆ ಅಂತ ಎದ್ರುಕಂಡು ಕುಂತಿದ್ದಾ? ಆವಯ್ಯನ್ ಕೈಗೂ ಒಂದೆಲೆ ಇಡ್ಬೇಕಿತ್ತು ಕಣ್ಲಾ.”

ತೀರ್ಮಾನವೆಂದು ಅವಳು ಹೇಳಿದ್ದು ಅಷ್ಟೇ. ಆ ದಿನ ತಾನು ಎಲೆ ಹಾಕಿಕೊಳ್ಳಲಿಲ್ಲ; ತಟ್ಟೆಯನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಮೇಲ್ಮನವಿಗೆ ಅವಕಾಶವಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಬೀಗರು ಹೊರಡುವಾಗ ಚಿಕ್ಕಪ್ಪನ ಹೆಗಲು ಹಿಡಿದು, ತಮ್ಮ ಮಟ್ಟಿಗೆ ಗುಟ್ಟಾಗಿ, ಅಂದರೆ ಊರಿನ ಅರ್ಧಕ್ಕೆ ಮಾತ್ರ ಕೇಳುವಂತೆ ಹೇಳಿದರು: “ಏನಾರ ಏಳಿ ಅಳೀಮಯ್ಯ, ಆದ್ರೆ ಲಾಯರಾಗಿ ಬನ್ನಿ.”

ಚಿಕ್ಕಪ್ಪ ಹಿಂದಿರುಗಿ ಹೋದರು. ಅದೇ ಸಭಾಂಗಣದಲ್ಲಿ, ಪ್ರಿನ್ಸಿಪಾಲರ ಎದುರಿನಲ್ಲೇ ನಿಂತು ಎರಡು ಕ್ಷಮೆ ಕೇಳಿದರು. ಒಂದು, ಕಾರಿನ ಕಲೆಗೆ. ಅತಿಥಿಯ ಮನೆಗೆ ಹೋಗಿ ತಾವೇ ಅದನ್ನು ತೊಳೆಯುವುದಾಗಿ ಹೇಳಿದರು. ಇನ್ನೊಂದು, ಮುಂದಿನ ಎರಡು ಸಾಲಿನ ಹುಡುಗರಿಗೆ. ಸರದಿ ಬರುತ್ತದೆಂದು ಮಾತು ಕೊಟ್ಟು ನಿಮ್ಮ ಬಾಯಿ ಮುಚ್ಚಿಸಿದೆ, ಸರದಿಯನ್ನು ಕೊಡಲಿಲ್ಲ. ನೀವು ಮಾತು ಉಳಿಸಿಕೊಂಡಿರಿ, ನಾನು ಉಳಿಸಿಕೊಳ್ಳಲಿಲ್ಲ ಎಂದರು. ಅವಮಾನಿಸಲು ಕರೆದೆ ಎಂದು ಹೇಳಲಿಲ್ಲ. ಬೂಟುಗಳು ಸದ್ದು ಮಾಡಲಿಲ್ಲವಂತೆ. ಪ್ರಿನ್ಸಿಪಾಲರು ಅವರನ್ನು ಪರೀಕ್ಷೆಗೆ ಕೂರಿಸಿದರು, ಚರ್ಚಾಸಂಘದ ಬಾಗಿಲು ಮಾತ್ರ ಮುಚ್ಚಿಸಿದರು. ಒಬ್ಬನಿಗೆ ಕ್ಷಮೆ, ಎಲ್ಲರ ಬಾಯಿಗೂ ಬೀಗ. ಅದು ಮತ್ತೆ ತೆರೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಇನ್ನು ಕಾರು ತೊಳೆಯಲು ಹೋದ ಭಾಗ. ಅದನ್ನು ಚಿಕ್ಕಪ್ಪ ಒಂದೊಂದು ಸಲ ಒಂದೊಂದು ರೀತಿ ಹೇಳಿದ್ದಾರೆ. ಮದುವೆಯ ಮನೆಯಲ್ಲಿ ಹೇಳಿದಾಗ ರಾವ್ ಬಹದ್ದೂರರು ನಕ್ಕು, ತಮ್ಮ ಬೆಳ್ಳಿಯ ತಟ್ಟೆಯಿಂದ ಒಂದು ಎಲೆ ಬಾಯಿಗೆ ಹಾಕಿಕೊಂಡು, ‘ಈಗ ನೀನು ಮಾತಾಡು’ ಎಂದು ಸನ್ನೆ ಮಾಡಿದರಂತೆ. ಇನ್ನೊಮ್ಮೆ, ನಾವಿಬ್ಬರೇ ಇದ್ದಾಗ, ಅವರು ಬಾಗಿಲನ್ನೇ ತೆರೆಯಲಿಲ್ಲ, ಚಾಲಕ ಆಗಲೇ ಕಾರು ತೊಳೆದಿದ್ದ ಎಂದರು. ಮೊದಲನೆಯದು ಕತೆಗೆ ಚೆನ್ನ. ಚೆನ್ನಾಗಿದೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಅನುಮಾನ. ನನ್ನ ಅನುಮಾನವನ್ನು ಚಿಕ್ಕಪ್ಪನಿಗೆ ಹೇಳಿಲ್ಲ. ನಾನೂ ಅದನ್ನು ಎಷ್ಟೋ ಕಡೆ ಹಾಗೆಯೇ ಹೇಳಿ ನಗಿಸಿದ್ದೇನೆ.

ಸ್ವಾತಂತ್ರ್ಯ ಬಂದ ವರ್ಷ ಅವರು ಮಂಡ್ಯದಲ್ಲಿ ವಕೀಲಿಕೆ ಶುರು ಮಾಡಿದರು. ಮಳವಳ್ಳಿಯ ಹುಡುಗಿ ನಮ್ಮ ಚಿಕ್ಕಮ್ಮನಾದಳು. ಬಾವುಟ ಏರಿದ ಬೆಳಿಗ್ಗೆ ನಾವೆಲ್ಲ ಮಂಡ್ಯದಲ್ಲಿದ್ದೆವು. ಮಿಠಾಯಿ ಹಂಚಿದರು, ಯಾರು ಯಾರೋ ಎದ್ದು ಮಾತಾಡಿದರು, ಯಾರೂ ಯಾರನ್ನೂ ಎತ್ತಿಕೊಂಡು ಹೋಗಲಿಲ್ಲ. ಹಿಂದೆ ಸನ್ಮಾನದ ಸಭೆಯಲ್ಲಿ ಚಿಕ್ಕಪ್ಪನಿಗೆ ಬೆಂಚು ಬಡಿದವರಲ್ಲಿ ಒಬ್ಬ ಬಂದು ಅವರ ಕೈಗೆ ಎರಡು ಲಾಡು ಇಟ್ಟ.

ಆ ದಿನ ಸಂಜೆ ಊರಿಗೆ ಬಂದು ಜಗಲಿಯಲ್ಲಿ ಕೂತಾಗ ಅಷ್ಟು ದಿನ ಕಾಣದ ಒಂದು ವಿಷಯ ನನಗೆ ಕಂಡಿತು. ಅಜ್ಜಿಯ ಎದುರು ಯಾವುದೋ ನೀರಿನ ಜಗಳ ನಡೆಯುತ್ತಿತ್ತು. ಇಬ್ಬರೂ ನೆಲ ಇದ್ದವರು. ತಟ್ಟೆ ಇಬ್ಬರ ನಡುವೆ ಓಡಾಡುತ್ತಿತ್ತು. ಅವರ ಗದ್ದೆಯಲ್ಲಿ ದುಡಿಯುವ, ತೂಬಿನ ಬಾಯಲ್ಲೇ ದಿನ ಕಳೆಯುವ ಕೆಲಸದವರು ಅಂಗಳದಲ್ಲಿ ನಿಂತಿದ್ದರು. ಆ ತಟ್ಟೆ ಜಗಲಿಯ ಮೆಟ್ಟಿಲು ಇಳಿಯಲಿಲ್ಲ. ನನಗೆ ನೆನಪಿರುವ ಮಟ್ಟಿಗೆ ಎಂದೂ ಇಳಿದಿರಲಿಲ್ಲ. ಅವರ ಬಾಯಿಗೆ ಎಲೆ ಹಾಕುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅವರು ಮಾತಾಡಿಯಾರು ಎಂದು ಯಾರೂ ಎಣಿಸಿರಲಿಲ್ಲ. ಇಷ್ಟು ದಿನ ನಾನು ಹೆಮ್ಮೆಪಟ್ಟುಕೊಂಡಿದ್ದ ನ್ಯಾಯಾಲಯ ಅದೇ, ಅಜ್ಜಿಯೂ ಅದೇ ಅಜ್ಜಿ. ಆದರೆ ಎಲೆ ಸಿಕ್ಕಿದರೆ ಬಾಯಿ ಕಟ್ಟಿದಂತೆ, ಸಿಗದಿದ್ದರೆ ಬಾಯಿಯೇ ಇಲ್ಲದಂತೆ ಎಂಬ ಈ ಲೆಕ್ಕ ನನಗೆ ಅಂದಿನಿಂದ ಇಂದಿನವರೆಗೂ ಸರಿಹೊಂದಿಲ್ಲ. ಹದಿನೇಳರ ಮಗ್ಗಿಯ ಹಾಗೆ.

ಈಗ ಚಿಕ್ಕಪ್ಪನಿಗೆ ಹಲ್ಲಿಲ್ಲ. ಎಲೆ ಅಡಿಕೆಯನ್ನು ಒಂದು ಸಣ್ಣ ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಾರೆ. ಮೊನ್ನೆ ಅವರ ಮಂಡ್ಯದ ಮನೆಗೆ ಹೋಗಿದ್ದೆ. ಯಾವುದೋ ಕಾಲೇಜಿನಲ್ಲಿ ಹುಡುಗರು ಒಬ್ಬ ಅತಿಥಿಯನ್ನು ಮಾತಾಡಗೊಡಲಿಲ್ಲ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅವರು ಅದನ್ನು ಓದಿ, ಕುಟ್ಟುತ್ತ, “ಒಂದು ತಟ್ಟೆ ಎಲೆ ಅಡಿಕೆ ಇದ್ದಿದ್ದರೆ ಆಗ್ತಿತ್ತು” ಎಂದರು. ಒಳಗಿನಿಂದ ಚಿಕ್ಕಮ್ಮ ತಮ್ಮ ತಂದೆಯ ದನಿಯಲ್ಲೇ ಕೂಗಿದರು: “ಆಮೇಲೆ ಅವ್ರ ಗೋಡೆ ಯಾರು ಬಳೀತಾರೆ ಅಂತ ಕೇಳಮ್ಮ ನಿಮ್ ಚಿಕ್ಕಪ್ಪನ್ನ.”

ನಾನು ಅದನ್ನು ಕೇಳಲಿಲ್ಲ. ಇಷ್ಟು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದೆ.

“ಚಿಕ್ಕಪ್ಪ, ಅವತ್ತು ಆ ಹುಡುಗರಿಗೆ ಎಲೆ ಕೊಟ್ಟದ್ದು ಅವರು ಕೇಳಲಿ ಅಂತಲೋ, ಸುಮ್ಮನಿರಲಿ ಅಂತಲೋ?”

ಅವರು ಕುಟ್ಟುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು. ಕುಟ್ಟಾಣಿಯಲ್ಲಿದ್ದುದನ್ನೆಲ್ಲ ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡರು. ಗಲ್ಲ ಮೆಲ್ಲಗೆ ಆಕಾಶಕ್ಕೆ ಎದ್ದಿತು. ಆಮೇಲೆ ಪಕ್ಕದಲ್ಲಿದ್ದ ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಎಲೆಯ ತಟ್ಟೆ ನನ್ನ ಕಡೆ ಬಂದದ್ದು ಅದೇ ಮೊದಲು. ಒಂದು ಎಲೆ ಎತ್ತಿಕೊಂಡೆ, ತೊಟ್ಟು ಮುರಿದೆ, ಸುಣ್ಣ ಸವರಿದೆ. ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು, ಅವರ ಎಲೆ ಮುಗಿಯಲೆಂದು ಕಾಯುತ್ತ ಕೂತೆ. ಅವರು ಉಗಿದು ಬಂದ ಮೇಲೆ ಮತ್ತೆ ಅದನ್ನೇ ಕೇಳಿದೆ.

“ಅವರು ಕೇಳಲಿ ಅಂತಲೋ ಚಿಕ್ಕಪ್ಪ, ಸುಮ್ಮನಿರಲಿ ಅಂತಲೋ?”